ಮನದ ಮಂಡಿಗೆಗೆ ಶೇ 18 ಜಿಎಸ್‌ಟಿ

ನಮ್ಮ ಹಿರಿಯರು ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದ ಕಾಲದಲ್ಲಿ ಅದಕ್ಕೆ ಯಾವ ತೆರಿಗೆಯೂ ಇರಲಿಲ್ಲ. ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು, ಕಂಬಕ್ಕೆ ಒರಗಿ, ಕಣ್ಣು ಅರೆಮುಚ್ಚಿ, ಇನ್ನೂ ಕೊಳ್ಳದ ಹೊಲದಲ್ಲಿ ಇನ್ನೂ ಬಿತ್ತದ ಬೆಳೆಯನ್ನು ಇನ್ನೂ ಹುಟ್ಟದ ಮಗನ ಕೈಯಿಂದ ಕೊಯ್ಲು ಮಾಡಿಸಿ, ಎಷ್ಟು ಮಂಡಿಗೆ ಬೇಕಾದರೂ ತಿನ್ನಬಹುದಾಗಿತ್ತು. ಹೆಂಡತಿಯ ಕಣ್ಣಿಗೆ ಬಿದ್ದರೆ ಎರಡು ಮಾತು ಕೇಳಿಸಿಕೊಳ್ಳಬೇಕಾಗುತ್ತಿತ್ತು ಎಂಬುದನ್ನು ಬಿಟ್ಟರೆ ಬೇರೆ ಖರ್ಚು ಇರಲಿಲ್ಲ. ಕಳೆದ ಜನವರಿಯ ಒಂದು ಭಾನುವಾರ, ಬೆಂಗಳೂರಿನ ಹೋಟೆಲೊಂದರ ಹವಾನಿಯಂತ್ರಿತ ಸಭಾಂಗಣದಲ್ಲಿ, ನಾನು ಅದೇ ಮಂಡಿಗೆಯನ್ನು 4,500 ರೂಪಾಯಿ ಕೊಟ್ಟು ತಿಂದು ಬಂದೆ. ರಸೀದಿಯಲ್ಲಿ ಶೇ 18ರಂತೆ ಜಿಎಸ್‌ಟಿ 810 ರೂಪಾಯಿ ಪ್ರತ್ಯೇಕವಾಗಿ ನಮೂದಾಗಿತ್ತು. ಕನಸಿಗೆ ತೆರಿಗೆ ಕಟ್ಟಿದವನಿಗೆ ಅದು ನನಸಾಗುವುದರಲ್ಲಿ ಒಂದು ಹಕ್ಕು ಹುಟ್ಟುತ್ತದೆ ಎಂದು ನಾನು ನಂಬಿದ್ದೆ.

ಅದು ‘ವಿಷನ್ ಬೋರ್ಡ್’ ಕಾರ್ಯಾಗಾರ. ಗುರಿಯನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು, ಕಟ್ಟಿಕೊಂಡದ್ದನ್ನು ಗೋಡೆಗೆ ಅಂಟಿಸಬೇಕು, ಅಂಟಿಸಿದ್ದನ್ನು ದಿನಕ್ಕೆ ಹಲವು ಬಾರಿ ನೆನಪಿಸಿಕೊಳ್ಳಬೇಕು, ಉಳಿದದ್ದನ್ನು ಬ್ರಹ್ಮಾಂಡ ನೋಡಿಕೊಳ್ಳುತ್ತದೆ ಎಂಬುದು ಅದರ ಸಾರ. ಕಿವಿಗೆ ಮೈಕು ಸಿಕ್ಕಿಸಿಕೊಂಡ ಲೈಫ್ ಕೋಚ್ ನಮಗೆಲ್ಲ ಒಂದೊಂದು ದಪ್ಪ ರಟ್ಟು, ಒಂದು ಕತ್ತರಿ, ಒಂದು ಡಬ್ಬಿ ಗೋಂದು ಹಾಗೂ ಹಳೆಯ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟು ಕೊಟ್ಟರು. ಬ್ಯಾಂಕಿನ ಮ್ಯಾನೇಜರರು, ಸಾಫ್ಟ್‌ವೇರಿನವರು, ದಂತವೈದ್ಯೆಯೊಬ್ಬರು, ಹೀಗೆ ನಲವತ್ತು ಮಂದಿ ಪ್ರಾಪ್ತವಯಸ್ಕರು ನಾಲಿಗೆಯ ತುದಿಯನ್ನು ಹೊರಚಾಚಿ ಎರಡನೆಯ ತರಗತಿಯ ಮಕ್ಕಳಂತೆ ಚಿತ್ರ ಕತ್ತರಿಸತೊಡಗಿದರು. ಪತ್ರಿಕೆಗಳಲ್ಲಿದ್ದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಜಾಹೀರಾತುಗಳಾಗಿದ್ದುದರಿಂದ, ನಲವತ್ತು ಮಂದಿಯ ಅಂತರಂಗದ ಆಸೆಗಳೂ ಜಾಹೀರಾತುಗಳ ಆಕಾರದಲ್ಲಿಯೇ ಹೊರಬಿದ್ದವು. ನನ್ನ ಮೇಜಿನಲ್ಲಿ ಇಬ್ಬರಿಗೆ ಎರಡು ಪುಟಗಳ ಮೇಲೆ ಹರಡಿದ್ದ ಒಂದೇ ವಿಲ್ಲಾ ಬೇಕಾಯಿತು. ಪುಟಗಳ ನಡುವೆ ಹರಿದು ಹಂಚಿಕೊಂಡಾಗ ಒಬ್ಬರಿಗೆ ಪೋರ್ಟಿಕೊ ಬಂತು, ಇನ್ನೊಬ್ಬರಿಗೆ ಈಜುಕೊಳ ಬಂತು; ಬ್ರಹ್ಮಾಂಡ ಆ ಎರಡು ಕೋರಿಕೆಗಳನ್ನು ಹೇಗೆ ನೆರವೇರಿಸುತ್ತದೆಯೋ ನಾನರಿಯೆ, ಆದರೆ ನೆರೆಹೊರೆಯವರಾಗಿಯಂತೂ ಅವರಿಬ್ಬರೂ ಬಾಳಲಾರರು.

ನನ್ನ ಗುರಿ ಸಣ್ಣದು. 84 ಕೆ.ಜಿ. ಇರುವ ನಾನು 68ಕ್ಕೆ ಇಳಿಯಬೇಕಾಗಿತ್ತು. ಸಮುದ್ರದ ದಂಡೆಯಲ್ಲಿ ಓಡುತ್ತಿರುವ ತೆಳ್ಳನೆಯ, ನರೆಗೂದಲಿನ ಒಬ್ಬ ಸುಂದರ ಪುರುಷ ಸಿಕ್ಕಿದ, ಅಂಟಿಸಿದೆ. ಅವನು ಕೀಲುನೋವಿನ ಮುಲಾಮಿನ ಜಾಹೀರಾತಿನವನೆಂಬುದು ಮನೆಗೆ ಬಂದು ಕನ್ನಡಕ ಹಾಕಿಕೊಂಡ ಮೇಲೆಯೇ ತಿಳಿಯಿತು. ರಟ್ಟನ್ನು ಹಾಲಿನ ಗೋಡೆಗೆ ತೂಗುಹಾಕಿದ ಸಂಜೆ ಅವ್ವ ಅದರ ಮುಂದೆ ಬಹಳ ಹೊತ್ತು ನಿಂತು, “ಯಾರೋ ತಮ್ಮಾ ಇವರು?” ಎಂದು ಕೇಳಿದಳು. “ನಾನೇ ಅವ್ವಾ, ಇನ್ನ ಆರು ತಿಂಗಳಿಗೆ” ಎಂದೆ. ಅವಳು ಇನ್ನಷ್ಟು ಹತ್ತಿರ ಹೋಗಿ ನೋಡಿ, “ಹಂಗಾದ್ರ ದಿನಾ ಊದಿನಕಡ್ಡಿ ಹಚ್ಚಬೇಕೇನು ಇವರಿಗೆ?” ಎಂದಳು.

ಗುರಿಯನ್ನು ಸದಾ ವರ್ತಮಾನ ಕಾಲದಲ್ಲಿಯೇ ಹೇಳಿಕೊಳ್ಳಬೇಕು, ಏಕೆಂದರೆ ಬ್ರಹ್ಮಾಂಡಕ್ಕೆ ಭವಿಷ್ಯತ್ ಕಾಲ ಅರ್ಥವಾಗುವುದಿಲ್ಲ ಎಂದು ಕೋಚ್ ಎಚ್ಚರಿಸಿದ್ದರು. ಕನ್ನಡಿಗರ ಮಟ್ಟಿಗೆ ಇದು ಇಕ್ಕಟ್ಟಿನ ಸಂಗತಿ. ‘ಮಾಡುತ್ತೇನೆ’ ಎಂಬ ನಮ್ಮ ಒಂದೇ ಒಂದು ಕ್ರಿಯಾಪದ ‘ದಿನವೂ ಮಾಡುವವನು ನಾನು’ ಎಂಬುದನ್ನೂ ‘ಮುಂದೆಂದಾದರೂ ಮಾಡಿಯೇನು’ ಎಂಬುದನ್ನೂ ಸಮಾನ ನಿಷ್ಠೆಯಿಂದ ಹೇಳುತ್ತದೆ. ಮನೆಯಿಂದ ಹೊರಟವನು ‘ಬರುತ್ತೇನೆ’ ಎನ್ನುತ್ತಾನೆ. ‘ನೋಡೋಣ’ ಎಂದರೆ ಆಗುವುದಿಲ್ಲ ಎಂದು ಅರ್ಥ. ಇಂಥ ಭಾಷೆಯಲ್ಲಿ ಬಂದ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ಬ್ರಹ್ಮಾಂಡದ ಗುಮಾಸ್ತರು ಪರದಾಡುತ್ತಿರಬೇಕು.

ಮಧ್ಯಾಹ್ನದ ಊಟದ ನಂತರ, ಎಲ್ಲರೂ ತೂಕಡಿಸುವ ವೇಳೆಗೆ ಸರಿಯಾಗಿ, ಪರದೆಯ ಮೇಲೆ ಶಾಸ್ತ್ರಾಧಾರ ಮೂಡಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಪದವಿ ಮುಗಿಸಿದವರ ಪೈಕಿ ತಮ್ಮ ಗುರಿಯನ್ನು ಬರೆದಿಟ್ಟುಕೊಂಡವರು ಶೇ 3ರಷ್ಟು ಮಂದಿ ಮಾತ್ರವಂತೆ; ಇಪ್ಪತ್ತು ವರ್ಷಗಳ ಬಳಿಕ ನೋಡಿದರೆ ಆ ಶೇ 3ರಷ್ಟು ಮಂದಿಯ ಆಸ್ತಿ ಉಳಿದ ಶೇ 97ರಷ್ಟು ಮಂದಿಯ ಒಟ್ಟು ಆಸ್ತಿಗಿಂತ ಹೆಚ್ಚಾಗಿತ್ತಂತೆ. ಈ ಅಧ್ಯಯನದ ಒಂದೇ ಒಂದು ಕುಂದೆಂದರೆ ಅದು ನಡೆದೇ ಇಲ್ಲ. ಜನರು ಕೇಳಿ ಕೇಳಿ, ಅಂಥ ಅಧ್ಯಯನ ನಮ್ಮಲ್ಲಿ ನಡೆದ ದಾಖಲೆಯೇ ಇಲ್ಲವೆಂದು ಆ ವಿಶ್ವವಿದ್ಯಾಲಯದ ಗ್ರಂಥಾಲಯವೇ ಉತ್ತರ ಕೊಡಬೇಕಾಯಿತು. ಆದರೂ ಅದು ದಶಕಗಳಿಂದ ಸಭಾಂಗಣದಿಂದ ಸಭಾಂಗಣಕ್ಕೆ ನಡೆಯುತ್ತಲೇ ಇದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ: ಇಲ್ಲದ ಮನೆಯನ್ನು ಕಣ್ಣಿಗೆ ಕಟ್ಟಿಕೊಳ್ಳುವ ವಿದ್ಯೆಗೆ ಇಲ್ಲದ ಅಧ್ಯಯನಕ್ಕಿಂತ ತಕ್ಕ ಆಧಾರ ಬೇರೆ ಯಾವುದಿದ್ದೀತು?

ನಡೆದ ಅಧ್ಯಯನಗಳೂ ಇವೆ. ಅವು ಮಾತ್ರ ಪರದೆಯ ಮೇಲೆ ಬರಲಿಲ್ಲ. ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲೆ ಓಟಿಂಗನ್ ಅವರು ತೂಕ ಇಳಿಸಲು ಬಂದಿದ್ದ 25 ಮಹಿಳೆಯರ ಮನದ ಮಂಡಿಗೆಯನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತೆಳ್ಳಗಾದ ತಮ್ಮನ್ನು ತಾವೇ ಬಣ್ಣಬಣ್ಣವಾಗಿ ಕಲ್ಪಿಸಿಕೊಂಡವರು, ಅಷ್ಟೇನೂ ಬಣ್ಣ ಬಳಿಯದೆ ಕಲ್ಪಿಸಿಕೊಂಡವರಿಗಿಂತ ಒಂದು ವರ್ಷದಲ್ಲಿ ಸುಮಾರು 11 ಕೆ.ಜಿ. ಕಡಿಮೆ ಇಳಿದಿದ್ದರು. ಲಾಸ್ ಏಂಜಲೀಸಿನ ವಿದ್ಯಾರ್ಥಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಒಳ್ಳೆಯ ಅಂಕ ಬಂದಂತೆ ದಿನವೂ ಕಲ್ಪಿಸಿಕೊಂಡವರು ಕಡಿಮೆ ಹೊತ್ತು ಓದಿ ಕಡಿಮೆ ಅಂಕ ಪಡೆದರು. ಪುಸ್ತಕ ತೆರೆದು ಕುಳಿತು ಓದುತ್ತಿರುವಂತೆ ಕಲ್ಪಿಸಿಕೊಂಡವರು ಅವರಿಗಿಂತ ಮುಂದೆ ಹೋದರು. ಇದರ ಗುಟ್ಟು ಗಾರೆ ಕೆಲಸದ ಮೇಸ್ತ್ರಿಗಳಿಗೆಲ್ಲ ಗೊತ್ತು: ಮುಂಗಡದಲ್ಲಿಯೇ ಪೂರ್ತಿ ಕೂಲಿ ಎಣಿಸಿಕೊಂಡ ಆಳು ಮರುದಿನ ಬೆಳಗ್ಗೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮನಸ್ಸೂ ಅಂಥದೇ ಆಳು. ಸಮುದ್ರದ ದಂಡೆಯಲ್ಲಿ ಓಡಿದ ಸುಖವನ್ನು ಸೋಫಾದ ಮೇಲೆಯೇ ಪಾವತಿ ಮಾಡಿದ ಮೇಲೆ ಬೆಳಗಿನ ಚಳಿಯಲ್ಲಿ ಬೂಟು ಹಾಕಿಕೊಳ್ಳುವ ದರ್ದು ಅದಕ್ಕೇನಿದೆ?

ಪೂಜೆಗೆ ಕೂತವರು ಸಂಕಲ್ಪ ಮಾಡುತ್ತಾರೆ. ಅಕ್ಷತೆ, ನೀರು ಕೈಯಲ್ಲಿ ಹಿಡಿದು, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ಗೋತ್ರ, ಏನು ಬೇಕು ಎಂಬುದನ್ನೆಲ್ಲ ಪುರೋಹಿತರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿ ನೀರು ಬಿಡಿಸುತ್ತಾರೆ. ಅಲ್ಲಿಂದ ಮುಂದೆ ಕಾಲು ಜೋಮು ಹಿಡಿಯುವವರೆಗೆ ಎರಡು ಗಂಟೆಗಳ ಪೂಜೆ ಇರುತ್ತದೆ. ಹೊಸ ಪದ್ಧತಿಯಲ್ಲಿ ಸಂಕಲ್ಪವೇ ಎರಡು ಗಂಟೆ, ಅನಂತರ ನೇರವಾಗಿ ಪ್ರಸಾದ.

ಇನ್ನು ‘369’ ಎಂಬುದೊಂದಿದೆ. ಬಯಕೆಯನ್ನು ಬೆಳಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾವು ಶಾಲೆಯಲ್ಲಿದ್ದಾಗ ಇದನ್ನೇ ಇಂಪೊಸಿಷನ್ ಎನ್ನುತ್ತಿದ್ದರು, ಆಗ ಅದು ಪುಕ್ಕಟೆಯಾಗಿತ್ತು. ಈ ಅಂಕಿಗಳ ಮಹಿಮೆಯನ್ನು ವಿಜ್ಞಾನಿ ನಿಕೊಲಾ ಟೆಸ್ಲಾನ ತಲೆಗೆ ಕಟ್ಟಲಾಗಿದೆ. ಪಾಪ, ಮೂರರ ಗೀಳು ಆತನಿಗಿದ್ದುದೇನೋ ನಿಜ. ಆದರೆ 1943ರ ಜನವರಿಯಲ್ಲಿ ಆತ ನ್ಯೂಯಾರ್ಕಿನ ಹೋಟೆಲೊಂದರ 33ನೆಯ ಮಹಡಿಯ 3327ನೆಯ ಕೋಣೆಯಲ್ಲಿ ಒಬ್ಬಂಟಿಯಾಗಿ ಸತ್ತಾಗ ಸಾಲ ಉಳಿದಿತ್ತು, ಕೋಣೆಯ ಬಾಡಿಗೆಯನ್ನು ಆತ ಹಿಂದೆ ದುಡಿದಿದ್ದ ಕಂಪನಿ ಕಟ್ಟುತ್ತಿತ್ತು. 3327 ಕೂಡ ಮೂರರಿಂದ ಭಾಗವಾಗುತ್ತದೆ, ನಾನು ಲೆಕ್ಕ ಹಾಕಿ ನೋಡಿದ್ದೇನೆ.

ಈ ವಿದ್ಯೆಯ ನಿಜವಾದ ಗುರುಕುಲವನ್ನು ನೋಡಬೇಕೆನ್ನುವವರು ಧಾರವಾಡದ ಸಪ್ತಾಪುರಕ್ಕೆ ಹೋಗಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗಿಗೆಂದು ಸುತ್ತಣ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಅಲ್ಲಿನ ಚಿಕ್ಕ ಚಿಕ್ಕ ಕೋಣೆಗಳಲ್ಲಿ ವರ್ಷಗಟ್ಟಲೆ ಇರುತ್ತಾರೆ. ನನ್ನ ಅಕ್ಕನ ಮಗನ ಕೋಣೆಯ ಗೋಡೆಯಲ್ಲಿ ಸುಣ್ಣ ಕಾಣುವುದಿಲ್ಲ, ಹಳದಿ ಚೀಟಿಗಳೇ ಕಾಣುತ್ತವೆ. ಕನ್ನಡಿಯ ಮೇಲೆ ‘ನಾನು ಅಸಿಸ್ಟೆಂಟ್ ಕಮಿಷನರ್’ ಎಂದು ಬರೆದ ಚೀಟಿ ಎಷ್ಟು ದೊಡ್ಡದಾಗಿದೆಯೆಂದರೆ ಗಡ್ಡ ಬೋಳಿಸಲು ಅವನು ಪಕ್ಕದ ಕೋಣೆಗೆ ಹೋಗುತ್ತಾನೆ. ಮಂಚದ ತಲೆದೆಸೆಯಲ್ಲಿ ಕೆಂಪು ದೀಪದ ಸರ್ಕಾರಿ ಕಾರಿನ ಚಿತ್ರವಿದೆ. ಆ ದೀಪವನ್ನು 2017ರ ಮೇ 1ರಿಂದಲೇ ಕಿತ್ತುಹಾಕಿದ್ದಾರಲ್ಲೋ ಎಂದರೆ, “ಇರಲಿ ಬಿಡು ಮಾಮಾ, ಕನಸಿಗೆ ಕಾನೂನು ಅನ್ವಯ ಆಗಂಗಿಲ್ಲ” ಎಂದ. ಸಂದರ್ಶನದ ಕೋಣೆ, ಹಾಕಿಕೊಳ್ಳುವ ಕೋಟು, ಮೊದಲ ಪೋಸ್ಟಿಂಗ್ ಆಗುವ ತಾಲ್ಲೂಕು, ಅಲ್ಲಿ ಮುಂದೆ ನಿಂತು ಕೈಮುಗಿಯುವ ಹಳೆಯ ಮೇಷ್ಟ್ರು, ಎಲ್ಲವನ್ನೂ ಅವನು ಕಣ್ಣಿಗೆ ಕಟ್ಟಿಕೊಂಡಿದ್ದ. ಕಟ್ಟಿಕೊಳ್ಳದೆ ಉಳಿದದ್ದು ಪ್ರಶ್ನೆಪತ್ರಿಕೆಯ ಅನುವಾದ ಒಂದೇ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗದ್ದರಿಂದ ಅದೇ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು, ಅದರಲ್ಲೂ ಅನುವಾದದ ತಪ್ಪುಗಳು ಎದ್ದವು. ಅವಧಿ ಮೀರಿದ ಚೀಟಿಗಳನ್ನು ಕಿತ್ತು ಹೊಸ ವರ್ಷದ ಚೀಟಿಗಳನ್ನು ಅಂಟಿಸುವುದರಲ್ಲಿ ಹುಡುಗನಿಗೆ ಒಂದು ವಾರ ಹೋಯಿತು. ಆ ಹುಡುಗರನ್ನು ನಗುವುದಕ್ಕೆ ನನಗೆ ಅಷ್ಟು ಮನಸ್ಸಿಲ್ಲ: ಅವರು ಚೀಟಿ ಅಂಟಿಸಿ ಓದುತ್ತಾರೆ, ನಾನು ಅಂಟಿಸಿ ಮಲಗುತ್ತೇನೆ.

ಸರ್ಕಾರಗಳು ಇದನ್ನು ನಮಗಿಂತ ಬಹಳ ಮೊದಲೇ ಕರಗತ ಮಾಡಿಕೊಂಡಿವೆ, ಅವುಗಳ ವಿಷನ್ ಬೋರ್ಡ್ ಗ್ರಾನೈಟಿನದು. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ 1983ರದು, 148 ಕಿ.ಮೀ. ಯೋಜನೆಗೆ ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ, ನಲವತ್ತು ತಿಂಗಳಲ್ಲಿ ಮುಗಿಯುತ್ತದೆಂಬ ಮಾತಿನೊಂದಿಗೆ. ನಲವತ್ತು ತಿಂಗಳು ಮಾತ್ರ ಹೇಳಿದ ಹಾಗೆಯೇ ಸರಿಯಾಗಿ ಮುಗಿದವು.

ಗೋಡೆಯ ರಟ್ಟನ್ನು ಕೆಲಸಕ್ಕೆ ಹೋದಲ್ಲೆಲ್ಲ ಹೊತ್ತೊಯ್ಯಲಾಗದ ಕಾರಣ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಬೇಕೆಂದು ಕೋಚ್ ಹೇಳಿದ್ದರು. ಸ್ವಂತ ಧ್ವನಿಯಲ್ಲಿಯೇ ಇದ್ದರೆ ಪರಿಣಾಮ ಹೆಚ್ಚಂತೆ. ನೂರು ವರ್ಷಗಳ ಹಿಂದೆ ಫ್ರಾನ್ಸಿನ ಎಮಿಲ್ ಕುವೆ ಎಂಬ ಔಷಧಿ ವ್ಯಾಪಾರಿ ಇಪ್ಪತ್ತು ಗಂಟುಗಳ ದಾರವೊಂದನ್ನು ಜನರ ಕೈಗೆ ಕೊಟ್ಟು, ತಾನು ದಿನದಿನಕ್ಕೂ ಉತ್ತಮನಾಗುತ್ತಿದ್ದೇನೆಂದು ಮಲಗುವಾಗ, ಏಳುವಾಗ ಇಪ್ಪತ್ತಿಪ್ಪತ್ತು ಬಾರಿ ಜಪ ಮಾಡಿಸುತ್ತಿದ್ದ. ದಾರಕ್ಕೆ ಒಂದು ಗುಣವಿತ್ತು, ಅದು ಮಾತನಾಡುತ್ತಿರಲಿಲ್ಲ. ನನ್ನ ಫೋನು ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಏಳು ಸಲ ಮಾತನಾಡುತ್ತದೆ. ಪರಿಚಿತರೊಬ್ಬರು ತೀರಿಕೊಂಡಾಗ ಮಾತನಾಡಿಸಲೆಂದು ಅವರ ಮನೆಗೆ ಹೋಗಿ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆ. ಯಾರೂ ಮಾತನಾಡುತ್ತಿರಲಿಲ್ಲ. ನನ್ನ ಜೇಬಿನೊಳಗಿಂದ ನನ್ನದೇ ಧ್ವನಿ ಸ್ಪಷ್ಟವಾಗಿ, ಉತ್ಸಾಹದಿಂದ, “ಇಂದು ನನ್ನ ಬಾಳಿನ ಅತ್ಯಂತ ಶುಭದಿನ, ನಾನು ಬಯಸಿದ್ದೆಲ್ಲ ನನ್ನ ಕಡೆಗೆ ಬರುತ್ತಿದೆ” ಎಂದಿತು. ಮೃತರ ಅಣ್ಣ ನಿಧಾನವಾಗಿ ತಲೆ ಎತ್ತಿ, “ಯಾಕ್ರಿ, ಮೃತ್ಯುಪತ್ರದಾಗ ನಿಮ್ಮ ಹೆಸರೂ ಐತೇನು?” ಎಂದು ಕೇಳಿದರು.

ನಮ್ಮ ನಾಡಿನಲ್ಲಿ ನಿಜವಾಗಿ ಫಲ ಕೊಟ್ಟ ದೈನಿಕ ರಿಮೈಂಡರ್ ಯಾವುದೆಂದು ಕೇಳಿದರೆ, 1990ರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ ಬರೆದಿದ್ದ ‘ನಾಳೆ ಬಾ’ ಎಂಬುದೇ ಎನ್ನಬೇಕು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಅಕ್ಷರ ಬಲ್ಲ, ಆಜ್ಞೆ ಪಾಲಿಸುವ, ಬೇಸರವನ್ನೇ ಅರಿಯದ ಆ ದೆವ್ವದ ಸ್ಥಾನದಲ್ಲಿ ಈಗ ನನ್ನ ಗುರಿ ನಿಂತಿದೆ. ಅದು ಬೆಳಗಿನ ಐದು ಗಂಟೆಗೆ ಸರಿಯಾಗಿ ಬಂದು ತಟ್ಟುತ್ತದೆ. ನಾನು ಹೊದಿಕೆಯೊಳಗಿಂದ ಕೈಚಾಚಿ ‘ಸ್ನೂಜ್’ ಒತ್ತುತ್ತೇನೆ. ಅದು ಓದಿಕೊಂಡು ಹೋಗುತ್ತದೆ. ಗುರಿಯನ್ನು ಒಂದು ದಿನವೂ ಮರೆತಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ, ದಿನಕ್ಕೆ ಏಳು ಸಲ ನೆನಪಿಸಿಕೊಂಡು ಏಳು ಸಲ ಮುಂದೂಡಿದ್ದೇನೆ. ತೂಕ ಈಗ 86.

ಮೊನ್ನೆ ಬೆಳಗಾವಿಯಲ್ಲಿ ಬಂಧುಗಳ ಮನೆಯ ಮದುವೆ. ಹಿತ್ತಿಲಿನ ಚಪ್ಪರದಡಿಯಲ್ಲಿ, ಕಟ್ಟಿಗೆಯ ಒಲೆಯ ಮೇಲೆ ಬೋರಲು ಹಾಕಿದ ಬಾಣಲೆಯ ಮುಂದೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದರು. ಸಕ್ಕರೆ, ಗಸಗಸೆ, ಏಲಕ್ಕಿಯ ಹೂರಣ ತುಂಬಿದ ಕಣಕವನ್ನು ಎರಡೂ ಕೈಗಳ ಮೇಲೆ ಹೊರಳಿಸುತ್ತ, ಹಿಗ್ಗಿಸುತ್ತ, ಆಚೆ ಕಡೆಯ ಬೆಂಕಿ ಕಾಣುವಷ್ಟು ತೆಳುವಾಗಿಸಿ ಬಾಣಲೆಯ ಬೆನ್ನ ಮೇಲೆ ಹೊದಿಸಿ, ಬಿಸಿ ಆರುವ ಮುನ್ನವೇ ಮಡಿಸಿ ಬದಿಗಿಡುತ್ತಿದ್ದರು. ಮೊಣಕೈವರೆಗೆ ಹಿಟ್ಟು, ಕಣ್ಣಿನಲ್ಲಿ ಹೊಗೆ. ಅದು ಮಂಡಿಗೆ. ಪಂಕ್ತಿಯಲ್ಲಿ ಒಂದು ಬಡಿಸಿದರು, ಹಾಲು ತುಪ್ಪ ಹಾಕಿಸಿಕೊಂಡು ತಿಂದೆ. ಬಡಿಸುವವರು ಇನ್ನೊಂದನ್ನು ಹಿಡಿದು ಎಲೆಯ ಮುಂದೆ ನಿಂತು, “ಹಾಕಲೇನ್ರಿ?” ಎಂದು ಕೇಳುವ ಹೊತ್ತಿಗೆ ಸರಿಯಾಗಿ ಜೇಬು ಮಾತನಾಡಿತು: “ನಾನು 68 ಕೆ.ಜಿ. ಇದ್ದೇನೆ.” ಬಡಿಸುವವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಎಂಜಲಾಗದ ಎಡಗೈಯಿಂದ ನಾನು ‘ಸ್ನೂಜ್’ ಒತ್ತಿದೆ. ಅದು ಹತ್ತು ನಿಮಿಷ ಬಿಟ್ಟು ಬರುತ್ತದೆ, ಮಂಡಿಗೆಗೆ ಅಷ್ಟು ಸಾಕು.