ಸ್ಪಷ್ಟನೆ: ಕರ್ವ್‌ಬಾಲ್ ಬಿಟ್ಟರೆ ಸಾಕು ಎಂಬುದು ಸರಿಯಲ್ಲ

ಬೇಸ್‌ಬಾಲ್ ಕಲಿಯುವ ಮಕ್ಕಳ ಪಾಲಕರ ನಡುವೆ ಕಾರವಾರ, ಶಿರಸಿ ಕಡೆ ಒಂದು ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ: ‘ಕರ್ವ್‌ಬಾಲ್ ಎಸೆಯದಿದ್ದರೆ ಮೊಣಕೈಗೆ ಅಪಾಯವಿಲ್ಲ. ಫಾಸ್ಟ್‌ಬಾಲ್ ಎಷ್ಟು ಬೇಕಾದರೂ ಎಸೆಯಲಿ. ನೋವು ಬಂದರೆ ಮುಲಾಮು ಹಚ್ಚಿ.’ (ಕರ್ವ್‌ಬಾಲ್ ಎಂದರೆ ಗಾಳಿಯಲ್ಲಿ ಬಾಗುವ ಎಸೆತ, ಫಾಸ್ಟ್‌ಬಾಲ್ ಎಂದರೆ ವೇಗದ ನೇರ ಎಸೆತ.) ಈ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಮೊಣಕೈ ಮೇಲೆ ಫಾಸ್ಟ್‌ಬಾಲ್ ಬೀಳಿಸುವ ಒತ್ತಡ ಕರ್ವ್‌ಬಾಲ್‌ಗಿಂತ ಕಡಿಮೆಯೇನಲ್ಲ. ಬೆಳೆಯುವ ವಯಸ್ಸಿನಲ್ಲಿ ಮೊಣಕೈ ಒಳಬದಿಯ ಮೂಳೆತುದಿ ಇನ್ನೂ ಮೃದ್ವಸ್ಥಿಯಿಂದಲೇ ಅಂಟಿಕೊಂಡಿರುತ್ತದೆ. ಪ್ರತಿ ಎಸೆತವೂ ಅದನ್ನು ಜಗ್ಗುತ್ತದೆ. ಹಾಗಾಗಿ ಮುಖ್ಯವಾದದ್ದು ಎಸೆತಗಳ ಲೆಕ್ಕ. ಮಕ್ಕಳ ಎಸೆತಕ್ಕೆ ಮಿತಿ ಹೇಳುವ ಅಮೆರಿಕದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯಂತೆ 9–10 ವರ್ಷದವರಿಗೆ ದಿನಕ್ಕೆ 75, 11–12ಕ್ಕೆ 85, 13–14ಕ್ಕೆ 95 ಎಸೆತ ಗರಿಷ್ಠ ಮಿತಿ. ಈ ವಯಸ್ಸಿನವರು 21–35 ಎಸೆದರೆ ಒಂದು ದಿನ, 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಸ್ಕೋರ್ ಬರೆಯುವವರೇ ಪ್ರತಿ ಎಸೆತಕ್ಕೊಂದು ಗೆರೆ ಎಳೆಯಲಿ, ನೆನಪಿನ ಲೆಕ್ಕ ಬೇಡ. ಪಿಚರನ್ನು (ಬ್ಯಾಟರ್‌ಗೆ ಚೆಂಡು ಎಸೆಯುವವನನ್ನು) ಅದೇ ದಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಮಾಡುವುದೂ ತಪ್ಪು. ಕ್ಯಾಚರ್ ಕೂಡ ಎಸೆಯುತ್ತಲೇ ಇರುತ್ತಾನೆ.

ಮುಲಾಮು ನೋವನ್ನಷ್ಟೇ ಮರೆಮಾಚುತ್ತದೆ. ಮೊಣಕೈ ಒಳಬದಿಯ ಗಂಟು ಒತ್ತಿದಾಗ ನೋಯುತ್ತಿದ್ದರೆ, ಕೈ ಪೂರ್ತಿ ನೇರವಾಗದಿದ್ದರೆ ಎಸೆತ ಅಂದೇ ನಿಲ್ಲಬೇಕು, ಮೂಳೆ ವೈದ್ಯರಿಗೆ ತೋರಿಸಬೇಕು.

ಒದ್ದೆ ಚೆಂಡಿನ ವಿಷಯವನ್ನೂ ಹೇಳಲೇಬೇಕು. ನೀರು ಕುಡಿದರೆ ಚೆಂಡಿನ ಚರ್ಮ ಭಾರವಾಗುತ್ತದೆ, ಜಾರುತ್ತದೆ. ಮಗು ಬಿಗಿಯಾಗಿ ಹಿಡಿದು ಎಸೆಯುವ ಭಂಗಿಯನ್ನೇ ಕೆಡಿಸಿಕೊಳ್ಳುತ್ತದೆ. ಒಣ ಚೆಂಡುಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಬದಲಿಸುತ್ತಿರಿ.

ಅದೇ ಪಿಚ್ ಸ್ಮಾರ್ಟ್ ಮಾರ್ಗಸೂಚಿ ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಎಸೆತವೇ ಬೇಡ ಎನ್ನುತ್ತದೆ, ಅದರಲ್ಲಿ ಎರಡು-ಮೂರು ತಿಂಗಳು ಸತತವಾಗಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ಸಭಾಭವನದೊಳಗೆ ಕರೆದು ಎಸೆಯಿಸಬೇಡಿ. ಓಟ, ಕಾಲು-ಸೊಂಟದ ವ್ಯಾಯಾಮ ಮಾಡಿಸಿ.