ಲೈಟ್‌ಹೌಸ್ ಲಾರಿ ಹತ್ತಿತು

ನಮ್ಮ ಏರಿಯಾದ ಬ್ಯಾಂಕ್ ಬ್ರಾಂಚ್ ಶಟರ್ ಎಳೆದು ಮೂರು ವಾರ ಆಯ್ತು. ಶಟರ್ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ‘ಗ್ರಾಹಕರ ಅನುಕೂಲಕ್ಕಾಗಿ ಶಾಖೆಯನ್ನು ಸ್ಥಳಾಂತರಿಸಲಾಗಿದೆ’. ಯಾವ ಗ್ರಾಹಕ, ಏನು ಅನುಕೂಲ, ಅದನ್ನು ಹಾಳೆ ಹೇಳುವುದಿಲ್ಲ. ಹೊಸ ಜಾಗ ಆರು ಕಿಲೋಮೀಟರ್ ದೂರ, ಎರಡು ಫ್ಲೈಓವರ್ ಆಚೆ. ಹೆಸರು ಮಾತ್ರ ನಮ್ಮ ಸರ್ಕಲ್ಲಿಂದೇ. ಅಂದರೆ ನಮ್ಮ ಸರ್ಕಲ್ ಬ್ರಾಂಚ್ ಈಗ ನಮ್ಮ ಸರ್ಕಲ್ ಒಂದನ್ನು ಬಿಟ್ಟು ಬೇರೆ ಎಲ್ಲೋ ಇದೆ. ಹೊಸ ಜಾಗಕ್ಕೆ ಆಟೋದವರಿಗೆ ಬ್ರಾಂಚ್ ಹೆಸರು ಹೇಳಿದರೆ ಅವರು ನಿಯತ್ತಾಗಿ ನನ್ನ ಮನೆ ಮುಂದೆಯೇ ತಂದು ಇಳಿಸುತ್ತಾರೆ.

ಇದೇ ಉರಿಯಲ್ಲಿ ಇದ್ದಾಗ ಗ್ರೀಸಿನ ಫಾರೋಸ್ ನೆನಪಾಯಿತು. ಬಾಸ್ಕೆಟ್‌ಬಾಲ್ ಹುಚ್ಚಿರುವವರಿಗೆ ಕಥೆ ಗೊತ್ತೇ ಇದೆ. ಆದರೂ ಒಂದು ಸಲ ಹೇಳಿಬಿಡುತ್ತೇನೆ, ಹೊಟ್ಟೆ ಹಗುರ ಆಗುತ್ತೆ.

ಆಥೆನ್ಸ್ ಪಕ್ಕದ ಬಂದರು ಪಿರೇಯಸ್. ಅದಕ್ಕೆ ಅಂಟಿಕೊಂಡ ಊರು ಕೆರಾತ್ಸಿನಿ. ಹಡಗು, ಕ್ರೇನ್, ಮೀನು, ಉಪ್ಪುಗಾಳಿ. ಅಲ್ಲಿನ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಫಾರೋಸ್ ಅಂತ ಹೆಸರು. ಫಾರೋಸ್ ಅಂದರೆ ಲೈಟ್‌ಹೌಸ್. ಬಂದರಿನ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕಾ? ಆಮೇಲೆ ಏನಾಯಿತು ಅಂದರೆ, ಈ ಲೈಟ್‌ಹೌಸ್ ಲಾರಿ ಹತ್ತಿ ಲಾರಿಸಾಗೆ ಹೋಯಿತು. ಲಾರಿಸಾ ಎಲ್ಲಿದೆ? ಥೆಸಲಿ ಬಯಲಿನ ನಟ್ಟನಡುವೆ, ಪಿನಿಯೋಸ್ ಹೊಳೆ ದಂಡೆ ಮೇಲೆ. ಹಳೇ ಕಾಲದಿಂದ ಕುದುರೆಗೆ ಹೆಸರಾದ ಸೀಮೆ. ಈಗ ಹತ್ತಿ, ಗೋಧಿ, ಟ್ರ್ಯಾಕ್ಟರ್. ಊರಿನ ಯಾವ ಮಾಳಿಗೆ ಹತ್ತಿ ನಿಂತರೂ ಸಮುದ್ರ ಕಾಣುವುದಿಲ್ಲ. ಕಾಪುವಿನ ಲೈಟ್‌ಹೌಸ್ ಕಿತ್ತು ಗದಗದ ಹೊಲದಲ್ಲಿ ನೆಟ್ಟ ಹಾಗೆ. ರಾತ್ರಿ ದಾರಿ ತಪ್ಪಿದ ಟ್ರ್ಯಾಕ್ಟರುಗಳಿಗೆ ಅನುಕೂಲ ಆಗಲಿ ಅಂತಲೇ ಇರಬೇಕು.

ಅಲ್ಲಿ ಮೊದಲೇ ಗಿಮ್ನಾಸ್ಟಿಕೋಸ್ ಅಂತ ಹಳೇ ಕ್ಲಬ್ ಇತ್ತು. ಎರಡೂ ಸೇರಿ 2017-18ರಲ್ಲಿ ಗ್ರೀಸಿನ ಮೇಲಿನ ಲೀಗಿನಲ್ಲಿ ‘ಗಿಮ್ನಾಸ್ಟಿಕೋಸ್ ಲಾರಿಸಾ ಫಾರೋಸ್’ ಅಂತ ಆಡಿದವು. ಹೆಸರನ್ನು ಒಂದು ಸಲ ನೋಡಿ. ಮುಂದೆ ಮಾವನ ಮನೆ, ನಡುವೆ ಊರು, ಬಾಲದಲ್ಲಿ ಮನೆ ಅಳಿಯ.

ಮನೆ ಅಳಿಯ ಅಂತ ಯಾಕೆ ಅಂದೆ ಅಂದರೆ, ಅಲ್ಲಿನ ವ್ಯವಸ್ಥೆಯೇ ಹಾಗಿದೆ. ಯೂರೋಪಿನಲ್ಲಿ ಕ್ಲಬ್ಬುಗಳು ಕೆಳಗಿನ ಡಿವಿಷನ್‌ನಲ್ಲಿ ಗೆದ್ದು ಗೆದ್ದು ಮೇಲಕ್ಕೆ ಬರಬೇಕು. ಸೋತರೆ ಕೆಳಗೆ. ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಆದರೆ ಮೆಟ್ಟಿಲು ಹತ್ತೋಕೆ ಮಂಡಿ ನೋವು ಇರುವವರು ಇರುತ್ತಾರಲ್ಲ, ಅವರಿಗೆ ಇನ್ನೊಂದು ದಾರಿ ಇದೆ. ಮೆಟ್ಟಿಲು ಹತ್ತಿ ಮೇಲೆ ನಿಂತವರ ಜೊತೆ ಸಂಬಂಧ ಬೆಳೆಸುವುದು. ವಿಲೀನ ಅನ್ನುತ್ತಾರೆ ಅದಕ್ಕೆ. ಒಬ್ಬರ ಹತ್ತಿರ ಲೀಗಿನ ಜಾಗ ಇದೆ, ದುಡ್ಡಿಲ್ಲ. ಇನ್ನೊಬ್ಬರ ಹತ್ತಿರ ದುಡ್ಡು, ಕ್ರೀಡಾಂಗಣ, ಮೇಯರ್ ಜೊತೆ ಫೋಟೋ ಎಲ್ಲ ಇದೆ, ಲೀಗಿನ ಜಾಗ ಮಾತ್ರ ಇಲ್ಲ. ಜಾತಕ ಕೂಡಿಬಂತು. ಇದು ಲಾರಿಸಾದ ಒಂದೇ ಮನೆಯ ಕಥೆ ಅಲ್ಲ. ಥೆಸಲೋನಿಕಿ ಪಕ್ಕದ ಪನೋರಮಾ ಕೂಡ ಹೀಗೇ ಕವಾಲಾ ಊರಿನ ಜೊತೆ ಸೇರಿ ‘ಕವಾಲಾ/ಪನೋರಮಾ’ ಆಗಿತ್ತು. ನಡುವೆ ಆ ಓರೆ ಗೆರೆ ಬೇರೆ. ಮದುವೆ ಕಾರ್ಡಿನಲ್ಲಿ ‘ಚಿ. ಸೌ.’ ಹಾಕಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಲಾರಿಸಾದವರನ್ನು ಆಡಿಕೊಳ್ಳಬಾರದು, ಅವರು ಸಾಮಾನ್ಯರಲ್ಲ. 1988ರ ಕಥೆ ಕೇಳಿ. ಇದು ಫುಟ್‌ಬಾಲಿನದು, ಇಲ್ಲಿಗೆ ಸಂಬಂಧವಿಲ್ಲ, ಆದರೂ ಬಿಡೋಕೆ ಮನಸ್ಸಿಲ್ಲ. ಆ ವರ್ಷ ಲಾರಿಸಾದ ಫುಟ್‌ಬಾಲ್ ತಂಡ ಲೀಗಿನಲ್ಲಿ ಮುಂದೆ ಇತ್ತು. ಅಷ್ಟರಲ್ಲಿ ಅವರ ಬಲ್ಗೇರಿಯಾದ ಆಟಗಾರನೊಬ್ಬನ ಪರೀಕ್ಷೆಯಲ್ಲಿ ಕೋಡೀನ್ ಸಿಕ್ಕಿತು. ಕೆಮ್ಮಿನ ಸಿರಪ್ಪಿನಲ್ಲಿ ಇರುತ್ತಲ್ಲ, ಅದೇ. ತಂಡದ ನಾಲ್ಕು ಅಂಕ ಕಿತ್ತರು. ಊರಿಗೆ ಊರೇ ಎದ್ದು ಹೋಗಿ ಆಥೆನ್ಸ್–ಥೆಸಲೋನಿಕಿ ಹೆದ್ದಾರಿಗೆ ಅಡ್ಡ ಕೂತಿತು. ದೇಶದ ಭೂಪಟ ನೋಡಿದರೆ ಗೊತ್ತಾಗುತ್ತದೆ, ಲಾರಿಸಾ ಹತ್ತಿರ ಆ ರಸ್ತೆ ಮುಚ್ಚಿದರೆ ಗ್ರೀಸ್ ಎರಡು ಹೋಳು. ಕೊನೆಗೆ ನಿಯಮವೇ ಬದಲಾಯಿತು, ಅಂಕ ವಾಪಸ್ ಬಂತು, ತಂಡ ಚಾಂಪಿಯನ್ ಆಯಿತು. ಆಥೆನ್ಸ್–ಪಿರೇಯಸ್ ಮತ್ತು ಥೆಸಲೋನಿಕಿ ಬಿಟ್ಟು ಬೇರೆ ಊರಿನ ತಂಡ ಆ ಲೀಗ್ ಗೆದ್ದಿದ್ದು ಅದೊಂದೇ ಸಲ. ನಾಲ್ಕು ಅಂಕಕ್ಕೆ ದೇಶವನ್ನೇ ನಿಲ್ಲಿಸಿದ ಊರು ಅದು. ಅಂಥ ಊರಿಗೆ ಬಾಸ್ಕೆಟ್‌ಬಾಲ್ ತಂಡ ಬೇಕಾದಾಗ ಪಾರ್ಸಲ್ ತರಿಸಿಕೊಳ್ಳಬೇಕಾಯಿತಾ?

ಅಮೆರಿಕದವರನ್ನು ಈ ವಿಷಯದಲ್ಲಿ ಮೆಚ್ಚಬೇಕು. ಅವರಿಗೆ ನಾಚಿಕೆ ಎಂಬ ಖರ್ಚೇ ಇಲ್ಲ. ಮಾಲೀಕ ತಂಡವನ್ನು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗುತ್ತಾನೆ. ಕೆರೆಗಳ ಸೀಮೆಯ ಮಿನಿಯಾಪೊಲಿಸ್‌ನಿಂದ ಹೋದ ಲೇಕರ್ಸ್ 1960ರಿಂದ ಲಾಸ್ ಏಂಜಲೀಸ್‌ನಲ್ಲಿ ಕೆರೆ ಹುಡುಕುತ್ತಿದೆ. 2008ರಲ್ಲಿ ಸಿಯಾಟಲ್‌ನ ಸೂಪರ್‌ಸಾನಿಕ್ಸ್ ಒಕ್ಲಹೋಮ ಸಿಟಿಗೆ ಹೋದಾಗ ಕೋರ್ಟಿನ ಹೊರಗೆ ರಾಜಿ ಆಯಿತು. ಕ್ರೀಡಾಂಗಣದ ಲೀಸ್ ಇನ್ನೂ ಎರಡು ವರ್ಷ ಬಾಕಿ ಇತ್ತು, ಅದಕ್ಕೆ 4.5 ಕೋಟಿ ಡಾಲರ್. ತಂಡ ಹೋಗುತ್ತೆ, ಹೆಸರು ಮತ್ತು ಬಣ್ಣ ಸಿಯಾಟಲ್‌ನಲ್ಲೇ ಇರುತ್ತೆ. ಕೋಳಿ ಅವರಿಗೆ, ಮಸಾಲೆ ನಮಗೆ. ಆದರೆ ಅಲ್ಲಿ ಯಾರೂ ಇದನ್ನು ವಿಲೀನ, ಸಹಕಾರ, ಕ್ರೀಡೆಯ ಬೆಳವಣಿಗೆ ಅಂತ ಹೇಳಿ ಕಿವಿಗೆ ಹೂ ಇಡುವುದಿಲ್ಲ. ವ್ಯಾಪಾರ ಅನ್ನುತ್ತಾರೆ, ಲಾರಿಗೆ ತುಂಬುತ್ತಾರೆ.

ಆದರೆ ಗ್ರೀಸ್? ಗ್ರೀಸಿನಲ್ಲಿ ಈ ಆಟ ಆಡಬಾರದಿತ್ತು. ಯಾಕೆ ಅಂದರೆ ಸ್ಥಳಾಂತರ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾವ ಕ್ರೀಡಾಲೋಕಕ್ಕೂ ಗೊತ್ತಿಲ್ಲ.

ಪಾನಿಯೋನಿಯೋಸ್ ಅಂತ ಒಂದು ಕ್ಲಬ್ ಇದೆ. 1890ರಲ್ಲಿ ಹುಟ್ಟಿದ್ದು, ಆಥೆನ್ಸಿನಲ್ಲಿ ಅಲ್ಲ, ಸ್ಮಿರ್ನಾದಲ್ಲಿ. ಇವತ್ತು ಟರ್ಕಿಯ ಇಜ್ಮಿರ್. ಗ್ರೀಸ್–ಟರ್ಕಿ ಯುದ್ಧದ ಕೊನೆಗೆ, 1922ರ ಸೆಪ್ಟೆಂಬರಿನಲ್ಲಿ ಆ ಊರು ಹೊತ್ತಿ ಉರಿಯಿತು. ಬೆನ್ನ ಹಿಂದೆ ಬೆಂಕಿ, ಮುಂದೆ ಸಮುದ್ರ, ದಕ್ಕೆಯ ಮೇಲೆ ಲಕ್ಷಾಂತರ ಜನ. ಮರುವರ್ಷ ಲೊಸಾನ್ ಒಪ್ಪಂದದಲ್ಲಿ ದೊಡ್ಡ ಸಾಹೇಬರೆಲ್ಲ ಕೂತು ಜನರನ್ನೇ ಅದಲು ಬದಲು ಮಾಡಿಕೊಂಡರು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸ್ ಕಡೆ, ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿ ಕಡೆ. ಬಂದವರು ಆಥೆನ್ಸಿನ ಹೊರಗೆ ಗುಡಿಸಲು ಹಾಕಿ, ಆ ಜಾಗಗಳಿಗೆ ಕಳಕೊಂಡ ಊರಿನ ಹೆಸರೇ ಇಟ್ಟರು. ನೆಯಾ ಸ್ಮಿರ್ನಿ, ನೆಯಾ ಫಿಲಡೆಲ್ಫಿಯಾ, ನೆಯಾ ಇಯೋನಿಯಾ. ನೆಯಾ ಅಂದರೆ ಹೊಸ. ಪಾನಿಯೋನಿಯೋಸ್ ಕೂಡ ಹಾಗೇ ಹೊಸ ಸ್ಮಿರ್ನಾಕ್ಕೆ ಬಂತು. ಬರುವಾಗ ಹೆಸರು ಬಿಟ್ಟರೆ ಕೈಯಲ್ಲಿ ಜಾಸ್ತಿ ಏನೂ ಇರಲಿಲ್ಲ.

ಆಥೆನ್ಸಿನ ಎಇಕೆ ಕ್ಲಬ್ ಹುಟ್ಟಿದ್ದು 1924ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್) ಬಂದವರ ಕೈಯಲ್ಲಿ. ಆ ಕೊನೆಯ ‘ಕೆ’ ಇದೆಯಲ್ಲ, ಅದೇ ಊರು. ಥೆಸಲೋನಿಕಿಯ ಪಾಓಕ್ ಕ್ಲಬ್ಬಿನ ಬಾಲದ ‘ಕ್’ ಕೂಡ ಅದೇ. ಒಂದೇ ಊರಿನ ನೆನಪಿಗೆ ಎರಡು ಊರಿನಲ್ಲಿ ಒಂದೊಂದು ಅಕ್ಷರ.

1968ರ ಏಪ್ರಿಲ್ 4ರಂದು ಈ ಎಇಕೆ ಯೂರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್ ಆಡಿತು, ಸ್ಲಾವಿಯಾ ಪ್ರಾಗ್ ಎದುರು. ಎಲ್ಲಿ? 1896ರ ಒಲಿಂಪಿಕ್ಸ್ ನಡೆದ ಅಮೃತಶಿಲೆಯ ಕ್ರೀಡಾಂಗಣದಲ್ಲಿ, ಬಯಲಲ್ಲಿ, ಮರದ ಅಂಕಣ ಹಾಸಿ. ಸುಮಾರು 80,000 ಜನ ಸೇರಿದ್ದರು. ಒಂದು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ! ಮೇಲಿನ ಸಾಲಿನಲ್ಲಿ ಕೂತವರಿಗೆ ಚೆಂಡು ಕಡಲೆಕಾಳಿನಷ್ಟು ಕಂಡಿರಬೇಕು, ರಿಂಗ್ ಅಂತೂ ಕಂಡಿರಲಿಕ್ಕಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಕೂತು, ಮುಂದಿನವರು ಕೂಗಿದಾಗ ತಾವೂ ಕೂಗಿ, ಯಾರು ಹಾಕಿದರು ಅಂತ ಪಕ್ಕದವರನ್ನು ಕೇಳಿ, ಹೀಗೇ ನೋಡಿದ್ದಾರೆ. 89–82. ಗ್ರೀಸಿನ ಕ್ಲಬ್ಬೊಂದಕ್ಕೆ ಮೊದಲ ಯೂರೋಪಿಯನ್ ಕಪ್. ಗೆದ್ದಿದ್ದು ಊರು ಕಳಕೊಂಡು ಬಂದವರ ಕ್ಲಬ್. ಸೈನ್ಯದ ಆಡಳಿತ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟು ಜನ ಒಂದು ಕಡೆ ಸೇರಿ ಗಂಟಲು ಹರಿಯುವಂತೆ ಕೂಗಲು ಬೇರೆ ನೆಪ ಕೂಡ ಇರಲಿಲ್ಲ ಅಂತ ಕಾಣುತ್ತೆ.

ಪಾನಿಯೋನಿಯೋಸ್‌ನಲ್ಲಿ ಫಾನಿಸ್ ಕ್ರಿಸ್ಟೊಡೂಲು ಅಂತ ಒಬ್ಬ ಆಟಗಾರ ಇದ್ದ. 1987ರಲ್ಲಿ ಸೋವಿಯತ್ ಒಕ್ಕೂಟವನ್ನು ಓವರ್‌ಟೈಮ್‌ನಲ್ಲಿ 103–101ಕ್ಕೆ ಸೋಲಿಸಿ ಯೂರೋಪ್ ಚಾಂಪಿಯನ್ ಆಯಿತಲ್ಲ ಗ್ರೀಸ್, ಆ ತಂಡದವನು. ಅದೇ ವರ್ಷ ಅಮೆರಿಕದ ಎನ್‌ಬಿಎ ಲೀಗಿನ ಅಟ್ಲಾಂಟ ತಂಡ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವನ ಹೆಸರು ಕರೆಯಿತು. ಹೋಗಲಿಲ್ಲ. 1983ರಿಂದ 1997ರವರೆಗೆ ಆ ವಲಸಿಗರ ಕ್ಲಬ್ಬಿನಲ್ಲೇ ಇದ್ದ. ಆ ಹದಿನಾಲ್ಕು ವರ್ಷದಲ್ಲಿ ಕ್ಲಬ್ ಜೊತೆ ದೊಡ್ಡದು ಅಂತ ಸಿಕ್ಕಿದ್ದು 1991ರ ಗ್ರೀಕ್ ಕಪ್ ಒಂದೇ. ಕೊನೆಗೆ ಆಥೆನ್ಸಿನ ದೊಡ್ಡ ಕ್ಲಬ್ ಪಾನಾಥಿನೈಕೋಸ್‌ಗೆ ಹೋದ, ಮರುವರ್ಷವೇ ಲೀಗ್ ಗೆದ್ದ. ಇವತ್ತಿನ ಸ್ಥಳಾಂತರ ತಜ್ಞರು ಇವನನ್ನು ನೋಡಿದರೆ ‘ಬುದ್ಧಿ ಬರೋಕೆ ಹದಿನಾಲ್ಕು ವರ್ಷ ಬೇಕಾಯ್ತಾ’ ಅಂತಾರೆ.

ಹೆಸರು ಹೊತ್ತುಕೊಂಡು ಹೋಗಬಾರದು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಉಡುಪಿ ಹೋಟೆಲ್ ಇರುವುದು ಯಾಕೆ? ಅಲ್ಲಿಂದ ಯಾರೋ ಬಂದರು, ಬರುವಾಗ ಸಾಂಬಾರಿನ ಹದ ತಂದರು. ದಾವಣಗೆರೆ ಬೆಣ್ಣೆ ದೋಸೆ ಎಲ್ಲಿ ತಿಂದರೂ ಒಂದು ಹುಳಿ, ಒಂದು ಗರಿ, ಆ ಸಣ್ಣ ಬೆಣ್ಣೆ ಉಂಡೆ ಇರಲೇಬೇಕು. ಇಲ್ಲದಿದ್ದರೆ ದಾವಣಗೆರೆಯವರು ಹೋಟೆಲಿನಲ್ಲೇ ಜಗಳ ತೆಗೆಯುತ್ತಾರೆ, ತೆಗೆಯಲೂ ಬೇಕು. ಹೆಸರಿನ ಜೊತೆ ಏನೋ ಒಂದು ಬಂದಿರಬೇಕು, ಅಷ್ಟೇ. ಲಾರಿಸಾಗೆ ಆ ‘ಫಾರೋಸ್’ ಜೊತೆ ಏನು ಬಂತು? ಲೀಗಿನ ಕಾಗದದಲ್ಲಿ ಒಂದು ಜಾಗ. ಸಮುದ್ರ ಅಂತೂ ಬರಲಿಲ್ಲ.

ಸರಿ, ಇಲ್ಲಿಯವರೆಗೆ ನಕ್ಕಿದ್ದಾಯಿತು. ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ಯಾವುದೇ ಊರಿನ ಯಾವುದೇ ಸಣ್ಣ ಕ್ಲಬ್ ತೆಗೆದುಕೊಳ್ಳಿ. ಕೆಳಗಿನ ಡಿವಿಷನ್‌ನಿಂದ ಒಂದು ಮೆಟ್ಟಿಲು ಹತ್ತಬೇಕಾದರೆ ಯಾರೋ ಒಬ್ಬ ಅಪ್ಪ ತನ್ನ ಕಾರಿನಲ್ಲಿ ಐದು ಹುಡುಗರನ್ನು ತುರುಕಿಕೊಂಡು ಪಂದ್ಯಕ್ಕೆ ಹೋಗಿರುತ್ತಾನೆ. ಯಾರೋ ಒಬ್ಬಮ್ಮ ಜೆರ್ಸಿ ಒಗೆದಿರುತ್ತಾಳೆ. ಮಳೆ ಸೋರುವ ಹಾಲ್‌ನಲ್ಲಿ ಯಾರೋ ಬಕೆಟ್ ಇಟ್ಟು, ನೆಲ ಒರೆಸಿ, ಆಮೇಲೆ ಪಂದ್ಯ ಶುರು ಮಾಡಿಸಿರುತ್ತಾರೆ. ಇದಕ್ಕೆಲ್ಲ ರಸೀದಿ ಇರುವುದಿಲ್ಲ. ಒಂದು ದಿನ ಒಂದು ಸಹಿ ಬೀಳುತ್ತೆ. ಆ ಒಗೆದಿದ್ದು, ಒರೆಸಿದ್ದು, ಕೂಗಿದ್ದು ಎಲ್ಲ ಸೇರಿ ಸಂಪಾದಿಸಿದ ಜಾಗ 350 ಕಿಲೋಮೀಟರ್ ಆಚೆಗೆ ಹೋಗುತ್ತೆ. ಬಕೆಟ್ ಇಟ್ಟವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಎರಡು ಕಡೆಯವರೂ ಕೈ ಕುಲುಕಿ ‘ಹೊಸ ಅಧ್ಯಾಯ’ ಅಂತಾರೆ. ಥೂ. ಹಳೇ ಅಧ್ಯಾಯ ಓದಿದವರು ಯಾರು ಇದ್ದಾರೆ ಅಲ್ಲಿ?

ಮೊನ್ನೆ ಸೋಮವಾರ ಆ ಎರಡು ಫ್ಲೈಓವರ್ ದಾಟಿ ನಮ್ಮ ಸರ್ಕಲ್ ಬ್ರಾಂಚಿಗೆ ಹೋಗಿದ್ದೆ. ಪಾಸ್‌ಬುಕ್ ಎಂಟ್ರಿ ಹಾಕಿಸಬೇಕಿತ್ತು. ಕೌಂಟರಿನ ಹುಡುಗಿಯನ್ನು ಕೇಳಿದೆ, ‘ಅಲ್ಲಮ್ಮ, ಇಲ್ಲಿಗೆ ಬಂದ ಮೇಲೂ ನಮ್ಮ ಸರ್ಕಲ್ ಹೆಸರು ಯಾಕೆ ಇಟ್ಕೊಂಡಿದೀರಾ? ಈ ಏರಿಯಾ ಹೆಸರು ಹಾಕ್ಕೊಳ್ಳಿ.’

‘ಹೆಸರು ಬದಲಾದ್ರೆ ಐಎಫ್‌ಎಸ್‌ಸಿ ಕೋಡ್ ತಲೆನೋವು ಸಾರ್’ ಅಂದಳು. ‘ಕೋಡ್ ಒಂದು ಹಾಗೇ ಇದ್ರೆ ಸಾಕು, ಮಿಕ್ಕಿದ್ದೆಲ್ಲ ನಡೆಯುತ್ತೆ.’

ಎಷ್ಟು ಸ್ಪಷ್ಟವಾಗಿ ಹೇಳಿದಳು ನೋಡಿ. ಲಾರಿಸಾದಲ್ಲೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಕ್ಕಿಲ್ಲ.

ಪಾಸ್‌ಬುಕ್ ಮುಂದೆ ಚಾಚಿದೆ. ಗೋಡೆ ಪಕ್ಕದ ಪ್ರಿಂಟರ್ ತೋರಿಸಿದಳು. ನಮ್ಮ ಹಳೇ ಬ್ರಾಂಚಿನದೇ, ಪಕ್ಕದಲ್ಲಿ ಅದೇ ಬಿರುಕು. ಅದನ್ನೂ ಜೋಪಾನವಾಗಿ ಹೊತ್ತು ತಂದಿದ್ದಾರೆ. ಇಲ್ಲಿಯೂ ಕೆಟ್ಟಿದೆ.