ಮಂಡ್ಯ ಊರಾಗಿದ್ದು ಬರೀ ನೀರಿನಿಂದಲ್ಲ

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ಬಂತೆಂದರೆ ಕೆ.ಆರ್.ಎಸ್. ಅಣೆಕಟ್ಟೆಯ ಫೋಟೋ ಹಾಕಿ, ಮಂಡ್ಯ ಕಟ್ಟಿದ್ದು ಅವರೇ ಅಂತ ಬರೆಯುತ್ತೇವೆ. ಅವರ ಮೇಲೆ ನನಗೂ ತುಂಬಾ ಗೌರವ ಇದೆ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರೆ ಬಹಳ ಜನ ಬಿಟ್ಟುಹೋಗುತ್ತಾರೆ.

ಬೆಂಗಳೂರು–ಮೈಸೂರು ರೈಲು 1880ರ ದಶಕದಲ್ಲೇ ಮಂಡ್ಯದ ಮೇಲೆ ಓಡುತ್ತಿತ್ತು. ಆದರೂ ಅದು ದೊಡ್ಡ ಊರಾಗಿರಲಿಲ್ಲ. ಕೆರೆ ಕೆಳಗೆ ಒಂದಿಷ್ಟು ಭತ್ತ, ಉಳಿದ ಕಡೆ ಮಳೆ ನಂಬಿದ ರಾಗಿ ಹೊಲ, ಅಷ್ಟೆ. ಅಣೆಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು, ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ವಿಶ್ವೇಶ್ವರಯ್ಯನವರು 1918ರಲ್ಲೇ ದಿವಾನಗಿರಿ ಬಿಟ್ಟಿದ್ದರು. ಮಂಡ್ಯದ ಕಡೆ ನೀರು ಹರಿದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಇರ್ವಿನ್ ನಾಲೆಯಲ್ಲಿ. ಈಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅನ್ನುವುದು ಅದನ್ನೇ. ಹುಲಿಕೆರೆ ಹತ್ತಿರ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಅಲ್ಲಿ ಬಂಡೆ ಒಡೆದವರು, ಮಣ್ಣು ಹೊತ್ತವರು ಯಾರು ಅಂತ ನಾವು ಕೇಳುವುದೇ ಇಲ್ಲ.

ಸರಿ, ನೀರು ಬಂತು. ಬೆಳೆದದ್ದನ್ನು ಕೊಳ್ಳುವವರು ಬೇಕಲ್ವಾ? ಅದೂ 1930ರ ಆಸುಪಾಸು, ಎಲ್ಲ ಕಡೆ ಬೆಳೆಗಳ ಬೆಲೆ ನೆಲಕಚ್ಚಿದ್ದ ಕಾಲ. ಇಲ್ಲಿ ನೆನೆಯಬೇಕಾದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾದವರು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆಯುವುದನ್ನು ಮಲೆನಾಡಿನಲ್ಲಿ ರೂಢಿಗೆ ತಂದವರೂ ಇವರೇ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಗಲು ಬೆನ್ನ ಹಿಂದೆ ನಿಂತು ದುಡಿದರು. 1932ರಲ್ಲಿ ಹೊರದೇಶದ ಸಕ್ಕರೆಯಿಂದ ರಕ್ಷಣೆ ಕೊಡುವ ಸುಂಕದ ಕಾಯ್ದೆ ಬಂದದ್ದೂ ಅನುಕೂಲವಾಯಿತು. 1933ರಲ್ಲಿ ಆ ಕಾರ್ಖಾನೆಯ ಕಂಪನಿ, ಮೈಷುಗರ್, ಹುಟ್ಟಿತು. ಸರ್ಕಾರದ ಜೊತೆ ರೈತರೂ ಷೇರುದಾರರಾದರು.

ಕಬ್ಬಿನ ಗುಣ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ರಾಗಿಯನ್ನು ಕಣಜಕ್ಕೆ ತುಂಬಿ, ಬೆಲೆ ಬಂದಾಗ ಮಾರಬಹುದು. ಕಬ್ಬು ಹಾಗಲ್ಲ, ಕಡಿದು ಒಂದು ದಿನ ಬಿಟ್ಟರೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಕಮ್ಮಿಯಾಗುತ್ತದೆ, ಹಾಗಾಗಿ ಕಾರ್ಖಾನೆ ಗದ್ದೆಗಳ ನಡುವೆಯೇ ಇರಬೇಕು. ಕಾರ್ಖಾನೆ ಬಂದರೆ ಗಾಡಿಗಳು ಬರುತ್ತವೆ, ಗಾಡಿ ರಿಪೇರಿ ಮಾಡುವವರು, ಕೂಲಿಯವರು, ಸಾಲ ಕೊಡುವವರು, ಅಂಗಡಿ, ಶಾಲೆ ಎಲ್ಲ ಹಿಂದೆಯೇ ಬರುತ್ತವೆ. ಸುಮ್ನೆ ಹಾದುಹೋಗುತ್ತಿದ್ದ ರೈಲಿಗೂ ಇಲ್ಲಿಂದ ಹೊರುವ ಸರಕು ಸಿಕ್ಕಿತು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯೇ ಆಯಿತು. ಕಾರ್ಖಾನೆ ಆಗಿ ಬರೀ ಆರು ವರ್ಷಕ್ಕೆ! ನನ್ನ ಪ್ರಕಾರ ಊರು ಹುಟ್ಟಿದ್ದು ನಾಲೆಗೆ ನೀರು ಬಿಟ್ಟ ದಿನ ಅಲ್ಲ, ಬೆಳೆದದ್ದಕ್ಕೆ ಪಕ್ಕದಲ್ಲೇ ದುಡ್ಡು ಸಿಗುತ್ತದೆ ಅಂತ ರೈತನಿಗೆ ನಂಬಿಕೆ ಬಂದ ದಿನ.

ಇದಕ್ಕೆ ಬೆಲೆ ಕೊಟ್ಟವರೂ ಇದ್ದಾರೆ. ನಾಲೆ ಬಯಲಿನಲ್ಲಿ ನೀರು ನಿಂತ ಕಡೆ ಮಲೇರಿಯಾ ಹೆಚ್ಚಿತು. ಅಣೆಕಟ್ಟೆಯ ಹಿನ್ನೀರಿನಲ್ಲಿ ಕನ್ನಂಬಾಡಿ ಊರೇ ಮುಳುಗಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಆ ದೇವರ ಜೊತೆ ಊರು ಬಿಟ್ಟವರ ಮಾತನ್ನೂ ಯಾರಾದರೂ ಕೂತು ಬರೆದಿಡಬೇಕು. ಅವರಿಂದ ಕೇಳಿಸಿಕೊಂಡ ಮೊಮ್ಮಕ್ಕಳು ಈಗ ಮುದುಕರಾಗಿದ್ದಾರೆ.